ಯಾವೂರಾಯ್ತು?

ಶನಿವಾರ ಬೆಳಿಗ್ಗೆ ಒಂಬತ್ತಾಗುತ್ತಿದ್ದಂತೆ ನಮ್ಮ ಗೇಟಿನ ಮುಂದೆ ಕಾರುಗಳು ನಿಲ್ಲತೊಡಗುತ್ತವೆ. ಸಕಲೇಶಪುರದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ದೋಣಿಗಾಲಿನ ಹತ್ತಿರ ಒಳಗೆ ತಿರುಗಿದರೆ ನಮ್ಮ ತೋಟ. ದಾರಿ ತಪ್ಪಿದವರು, ಕುಡಿಯಲು ನೀರು ಕೇಳುವವರು, ಕಾಫಿ ಗಿಡದ ಪಕ್ಕ ನಿಂತು ಫೋಟೊ ತೆಗೆದುಕೊಳ್ಳಬಹುದೇ ಎಂದು ಸಂಕೋಚದಿಂದ ಕೇಳುವವರು, ಎಲ್ಲರೂ ಬರುತ್ತಾರೆ. ಎಲ್ಲರ ಬಾಯಲ್ಲೂ ಕೊನೆಗೆ ಬರುವ ಪ್ರಶ್ನೆ ಒಂದೇ: “ಆಂಟಿ, ಮಂಜರಾಬಾದ್ ಕೋಟೆ ನೋಡೋಕೆ ಎಷ್ಟು ಹೊತ್ತು ಬೇಕು?”

“ಅರ್ಧ ಗಂಟೆ ಸಾಕು” ಎನ್ನುತ್ತಿದ್ದೆ. ವರ್ಷಗಟ್ಟಲೆ ಇದೇ ಉತ್ತರ ಕೊಟ್ಟಿದ್ದೇನೆ. ಸುಳ್ಳೇನಲ್ಲ. ರಸ್ತೆ ಬದಿ ಗಾಡಿ ನಿಲ್ಲಿಸಿ, 250ರಷ್ಟು ಮೆಟ್ಟಿಲು ಹತ್ತಿ, ಒಳಗೊಂದು ಸುತ್ತು ಹಾಕಿ ಇಳಿದರೆ ಮುಗಿಯಿತು. ಅಲ್ಲಿಂದ ಅವರು ಬಿಸಿಲೆ ಘಾಟಿಗೋ ಪಾಂಡವರ ಗುಡ್ಡಕ್ಕೋ ಹೋಗುತ್ತಾರೆ. ಪೇಟೆಯಲ್ಲಿ ಸಕಲೇಶ್ವರನಿಗೊಂದು ಕೈಮುಗಿದು, ಭಾನುವಾರ ಸಂಜೆ ಆಲೂರು ದಾಟಿ ಹಾಸನದ ದಾರಿ ಹಿಡಿಯುತ್ತಾರೆ. ಎರಡು ದಿನದಲ್ಲಿ ನಮ್ಮ ಮಲೆನಾಡು ನೋಡಿ ಆಗಿರುತ್ತದೆ. ನನ್ನ ಆ ಉತ್ತರದಲ್ಲಿ ಏನು ಕೊರತೆಯಿತ್ತು ಎನ್ನುವುದು ತಿಳಿಯಲು ನಾನೇ ಒಂದು ಪರವೂರಿನಲ್ಲಿ ಮೂರು ದಿನದ ಪ್ರವಾಸಿಯಾಗಬೇಕಾಯಿತು.

ನನ್ನ ತವರು ಆಲೂರು ಸೀಮೆ. ಗದ್ದೆ, ಕೆರೆ, ಅಲ್ಲಲ್ಲಿ ಶುಂಠಿ ಹೊಲ. ಗುಡ್ಡಗಳು ಇನ್ನೂ ತಲೆಯೆತ್ತಿ ನಿಲ್ಲದ ಅರೆಮಲೆನಾಡು. ಐದನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ನಮ್ಮನ್ನೆಲ್ಲ ಬಸ್ಸಿನಲ್ಲಿ ಕೂರಿಸಿಕೊಂಡು ಮಂಜರಾಬಾದಿಗೆ ಕರೆತಂದಿದ್ದರು. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿ ಮುಗಿಸಿದ ಕೋಟೆ, ಎಂಟು ಮೂಲೆಯ ನಕ್ಷತ್ರ, ಫ್ರೆಂಚರ ಮಾದರಿ ಎಂದು ಹೇಳಿದರು. ನಾವು ನಕ್ಷತ್ರ ಹುಡುಕುತ್ತಾ ಒಳಗೆಲ್ಲ ಓಡಾಡಿದೆವು. ಸಿಗಲಿಲ್ಲ. ಸಿಕ್ಕಿದ್ದು ಮುರಿದು ಮುರಿದು ತಿರುಗುವ ಗೋಡೆ, ನಡುವೆ ಕೂಡಿಸುವ ಗುರುತಿನ ಹಾಗೆ ನಾಲ್ಕು ಕಡೆಯಿಂದಲೂ ಮೆಟ್ಟಿಲಿಳಿಯುವ ಕೊಳ, ಅದರ ಪಕ್ಕ ಮದ್ದು ಇಡುತ್ತಿದ್ದ ನೆಲಮಾಳಿಗೆಯ ತಣ್ಣನೆಯ ಕತ್ತಲು. ಕೊನೆಗೆ ಮೇಷ್ಟ್ರು ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಎಂಟು ಮೂಲೆಯ ನಕ್ಷತ್ರ ಬರೆದು, ಅದರೊಳಗೆ ಒಂದು ಚುಕ್ಕಿ ಇಟ್ಟರು. “ನಾವೀಗ ಇರೋದು ಇಲ್ಲಿ. ಒಳಗೆ ನಿಂತವರಿಗೆ ನಕ್ಷತ್ರ ಕಾಣೋದಿಲ್ಲ ಕಣ್ರೋ” ಎಂದರು.

ಮದುವೆಯಾಗಿ ಬಂದದ್ದು ಅದೇ ಗುಡ್ಡದ ಮಗ್ಗುಲಿಗೆ. ಅಡಿಗೆಮನೆ ಕಿಟಕಿ ತೆರೆದರೆ ಅದೇ ಕಾಣುತ್ತದೆ. ಸಮುದ್ರಮಟ್ಟದಿಂದ 988 ಮೀಟರ್ ಎತ್ತರ. ಮಳೆಗಾಲದಲ್ಲಿ ದಿನಗಟ್ಟಲೆ ಮಂಜಿನಲ್ಲಿ ಮುಳುಗಿರುತ್ತದೆ. ಟಿಪ್ಪು ಬಂದಾಗಲೂ ಹೀಗೇ ಮಂಜು ಮುಚ್ಚಿತ್ತಂತೆ, ಅದರಿಂದಲೇ ಮಂಜರಾಬಾದ್ ಎಂಬ ಹೆಸರು ಬಂತಂತೆ. ನಮ್ಮ ತಾಲ್ಲೂಕಿಗೂ ಹಿಂದೆ ಅದೇ ಹೆಸರಿತ್ತು. ಕಣ್ಣೆದುರಿಗಿದ್ದ ಗುಡ್ಡವನ್ನು ನಾನು ಹತ್ತುತ್ತಿದ್ದದ್ದು ನೆಂಟರು ಬಂದಾಗ ಮಾತ್ರ.

ಮಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಹೂಮಳೆಯಾಗಿ, ಬ್ಯಾಕಿಂಗ್ ಮಳೆಯೂ ಹದವಾಗಿ ಬಿದ್ದು, ತೋಟ ಸ್ವಲ್ಪ ಉಸಿರಾಡಲು ಬಿಡುವ ಮೇ ತಿಂಗಳಲ್ಲಿ ಅವಳ ಹತ್ತಿರ ಹೋಗಿದ್ದೆ. ಆನೆಗಳು ಯಾವ ರಾತ್ರಿ ತೋಟಕ್ಕೆ ಇಳಿಯುತ್ತವೋ ಹೇಳುವಂತಿಲ್ಲ, ಮನೆಯಲ್ಲಿ ಒಬ್ಬರಾದರೂ ಇರಬೇಕು ಎಂದು ನಮ್ಮ ಮನೆಯವರು ಉಳಿದರು. ಮಗಳಿಗೆ ಸಿಕ್ಕಿದ್ದು ಮೂರು ದಿನದ ರಜೆ. “ಅಮ್ಮ, ರೈಲಲ್ಲಿ ನಾಲ್ಕು ಗಂಟೆ. ವಿಯೆನ್ನಾ ನೋಡ್ಕೊಂಡು ಬರೋಣ” ಎಂದಳು.

ಆಸ್ಟ್ರಿಯಾದ ರಾಜಧಾನಿ, ಹಾಬ್ಸ್‌ಬರ್ಗ್ ದೊರೆಗಳು ಶತಮಾನಗಳ ಕಾಲ ಆಳಿದ ಊರು. ಮಗಳು ಪಟ್ಟಿ ಮಾಡಿಕೊಂಡು ಬಂದಿದ್ದಳು. ಮೊದಲ ದಿನ ಆ ಪಟ್ಟಿಯ ಹಿಂದೆ ನಡೆದೆವು. ಸ್ಟೀಫನ್ ಚರ್ಚಿನ ಬಣ್ಣದ ಹೆಂಚುಗಳ ಮಾಡು, ಹೋಫ್‌ಬುರ್ಗ್ ಅರಮನೆಯ ಅಂಗಳಗಳು, ಮಧ್ಯಾಹ್ನ ಷೋನ್‌ಬ್ರುನ್. ಆ ಬೇಸಿಗೆ ಅರಮನೆಯಲ್ಲಿ 1,441 ಕೋಣೆಗಳಂತೆ. 1762ರಲ್ಲಿ ಆರು ವರ್ಷದ ಮೊಜಾರ್ಟ್ ಮಹಾರಾಣಿ ಮರಿಯಾ ತೆರೇಸಾಳ ಎದುರು ವಾದ್ಯ ನುಡಿಸಿದ್ದು ಅಲ್ಲೇ. ಎಲ್ಲವೂ ಚೆಂದ, ಎಲ್ಲವೂ ದೊಡ್ಡದು. ಸಂಜೆ ಹೋಟೆಲಿನಲ್ಲಿ ಕಾಲು ಚಾಚಿ ಕೂತು, ಬೆಳಿಗ್ಗೆಯಿಂದ ಏನೇನು ನೋಡಿದೆ ಎಂದು ನೆನಪು ಮಾಡಿಕೊಂಡರೆ ಚಿನ್ನದ ಬಣ್ಣವೊಂದೇ ಕಣ್ಣ ಮುಂದೆ ಬರುತ್ತಿತ್ತು. ಯಾವ ಕೋಣೆ ಯಾವುದರ ಪಕ್ಕದ್ದು ಎಂದು ನೆನಪಿರಲಿಲ್ಲ. ಅಷ್ಟು ದೂರ ಬಂದು, ಮಗಳು ಅಷ್ಟು ಖರ್ಚು ಮಾಡಿ, ಊರು ನನ್ನೊಳಗೆ ಇಳಿಯಲೇ ಇಲ್ಲವಲ್ಲ ಎಂದು ನಿಜವಾಗಿ ಬೇಸರವಾಯಿತು.

ಎರಡನೆಯ ದಿನ ಬೆಳಿಗ್ಗೆ ಮಗಳಿಗೆ ಹೇಳಿದೆ: “ಇವತ್ತು ಓಡೋದು ಬೇಡ ಮಗಾ. ಎಲ್ಲಾದರೂ ಕೂತು ಒಂದು ಕಾಫಿ ಕುಡಿಯೋಣ.”

ವಿಯೆನ್ನಾದಲ್ಲಿ ಕಾಫಿ ಕುಡಿಯುವುದು ಎಂದರೆ ಕೂರುವುದೇ. ಆ ಊರಿನ ಕಾಫಿ ಹೌಸುಗಳ ಪದ್ಧತಿಯನ್ನು ಆಸ್ಟ್ರಿಯಾ 2011ರಲ್ಲಿ ಯುನೆಸ್ಕೊ ಒಪ್ಪಂದದಡಿ ತಾನು ಇಟ್ಟುಕೊಂಡಿರುವ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಾವು ಹೊಕ್ಕ ಹಳೆಯ ಕಾಫಿ ಹೌಸಿನಲ್ಲಿ ಬಾಗಿದ ಮರದ ಕುರ್ಚಿಗಳು, ಕಲ್ಲಿನ ಮೇಜುಗಳು, ಮರದ ಹಿಡಿಕೆಗೆ ಸಿಕ್ಕಿಸಿದ ಪತ್ರಿಕೆಗಳು. ಒಂದು ಲೋಟ ಕಾಫಿಗೆ ಎರಡು ಗಂಟೆ ಕೂತರೂ ಯಾರೂ ಏಳಿ ಎನ್ನುವುದಿಲ್ಲ. ನಾವು ಮೆಲಾಂಜ್ ಹೇಳಿದೆವು; ಅರ್ಧ ಕಾಫಿ, ಅರ್ಧ ಬಿಸಿಹಾಲು, ಮೇಲೆ ನೊರೆ. ಕಪ್ಪು ಕೋಟಿನ ಪರಿಚಾರಕ ಪುಟ್ಟ ಲೋಹದ ತಟ್ಟೆಯೊಂದನ್ನು ತಂದಿಟ್ಟ. ಕಪ್ಪಿನ ಪಕ್ಕ ಒಂದು ಗ್ಲಾಸು ತಣ್ಣೀರು, ಗ್ಲಾಸಿನ ಬಾಯಿಗೆ ಅಡ್ಡಲಾಗಿ ಬೋರಲು ಇಟ್ಟ ಚಮಚ.

ಆ ನೀರು ಕಂಡು ನನಗೆ ಸಮಾಧಾನವಾಯಿತು. ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಕಾಫಿ, ಆಮೇಲೆ ಮಾತು. ನಮ್ಮತ್ತೆ ನನಗೆ ಕಲಿಸಿದ ಕ್ರಮ ಇದು. ಕೇಳದೆಯೇ ನೀರು ಕೊಡುವ ಊರು ಅರಮನೆಗಳ ಊರಿಗಿಂತ ಹತ್ತಿರದ್ದಾಗಿ ಕಂಡಿತು.

ಪಕ್ಕದ ಮೇಜಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಪತ್ರಿಕೆ ಓದುತ್ತಿದ್ದರು. ನನ್ನ ಸೀರೆ ನೋಡಿ ನಕ್ಕು ಮಗಳ ಹತ್ತಿರ ಜರ್ಮನಿನಲ್ಲಿ ಏನೋ ಕೇಳಿದರು. ಮಗಳು ತಿರುಗಿ, “ಯಾವೂರು ಅಂತ ಕೇಳ್ತಿದ್ದಾರೆ ಅಮ್ಮ” ಎಂದಳು.

ಹಾಸನದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಂತಾಯಿತು. ನಮ್ಮಲ್ಲಿ ಅಪರಿಚಿತರೊಡನೆ ಮಾತು ಶುರುವಾಗುವುದೇ “ಯಾವೂರಾಯ್ತು?” ಎಂಬಲ್ಲಿಂದ. ಹೆಸರು ಆಮೇಲೆ. ಇಂಡಿಯಾ ಎಂದು ಹೇಳಿ ಸುಮ್ಮನಾಗಲು ಮನಸ್ಸಾಗಲಿಲ್ಲ. “ಕಾಫಿ ಬೆಳೆಯೋ ಊರು ಅಂತ ಹೇಳು” ಎಂದೆ.

ಆಕೆ ಪತ್ರಿಕೆ ಮಡಚಿಟ್ಟರು. ಅರವತ್ತು ವರ್ಷದಿಂದ ದಿನವೂ ಕಾಫಿ ಕುಡಿಯುತ್ತಿದ್ದೇನೆ, ಕಾಫಿ ಗಿಡದ ಮನೆಯವರನ್ನು ಕಂಡದ್ದು ಇದೇ ಮೊದಲು ಎಂದರು. ಗಿಡ ಎಷ್ಟು ಎತ್ತರ, ಬಿಸಿಲಿನಲ್ಲಿ ಬೆಳೆಯುತ್ತದೆಯೇ, ಹೂ ಬಿಡುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ನಮ್ಮ ಗಿಡ ಹಲಸು, ಅತ್ತಿ, ಸಿಲ್ವರ್ ಮರಗಳ ನೆರಳಿನಲ್ಲಿ ಇರುತ್ತದೆ, ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ ಎಂದು ಹೇಳಿದೆ. ಮಾರ್ಚಿನಲ್ಲಿ ಫೋನಿನಲ್ಲಿ ತೆಗೆದಿದ್ದ ಚಿತ್ರ ತೋರಿಸಿದೆ. ಮಳೆ ಬಿದ್ದು ವಾರ ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗಿ, ಮಲ್ಲಿಗೆಯಂಥ ವಾಸನೆ ಮನೆಯೊಳಗೆಲ್ಲ ತುಂಬುವ ಆ ಮೂರು ನಾಲ್ಕು ದಿನಗಳ ಚಿತ್ರ. ಆಕೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಕಪ್ಪಿನೊಳಗೆ ನೋಡಿದರು.

ಚಿತ್ರ ಸರಿಸುತ್ತಿದ್ದಾಗ ಮಂಜರಾಬಾದ್ ಬಂತು. ಯಾರೋ ಡ್ರೋನಿನಿಂದ ತೆಗೆದು ನಮ್ಮ ವಾಟ್ಸಾಪಿಗೆ ಕಳಿಸಿದ್ದ ಚಿತ್ರ, ಹಸಿರು ಗುಡ್ಡದ ನೆತ್ತಿಯಲ್ಲಿ ಎಂಟು ಮೂಲೆಯ ನಕ್ಷತ್ರ. ಇದೇನು ಎಂದು ಕೇಳಿದರು. ನಮ್ಮ ಮನೆ ಹಿಂದಿನ ಕೋಟೆ ಎಂದಳು ಮಗಳು. ಆಕೆಯ ಮುಖ ಅರಳಿತು. “ನಾವು ಕೂತಿರೋದೂ ಇಂಥದೇ ಕೋಟೆಯೊಳಗೆ” ಎಂದರು. ಕಾಗದದ ಕರವಸ್ತ್ರ ಎಳೆದುಕೊಂಡು ಪೆನ್ನಿನಿಂದ ಮೂಲೆಮೂಲೆಯಾದ ಗೆರೆಯೊಂದನ್ನು ಸುತ್ತ ಬರೆದರು. ಅದರ ಒಳಗೆ, ಅಂಚಿನ ಹತ್ತಿರ, ಒಂದು ಚುಕ್ಕಿ ಇಟ್ಟು ಮೇಜನ್ನು ಬೆರಳಿನಿಂದ ತಟ್ಟಿದರು. ಐದನೇ ಕ್ಲಾಸಿನ ನನ್ನ ಮೇಷ್ಟ್ರು ಕಣ್ಣ ಮುಂದೆ ಬಂದು ನಿಂತರು.

ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿರುವ ವಿಯೆನ್ನಾ ಮ್ಯೂಸಿಯಮ್ಮಿಗೆ ಹೋಗಿ, ಅಲ್ಲಿ ನಿಮ್ಮ ನಕ್ಷತ್ರ ಸಿಗುತ್ತದೆ ಎಂದು ಹೇಳಿ ಕಳಿಸಿದರು. ಆ ಮ್ಯೂಸಿಯಂ ಮಗಳ ಪಟ್ಟಿಯಲ್ಲಿ ಇರಲೇ ಇಲ್ಲ.

ಅಲ್ಲಿ ಇದ್ದದ್ದು ಹಳೆಯ ವಿಯೆನ್ನಾದ ಮಾದರಿ. ಕೋಟೆ ಒಡೆಯುವ ಕೆಲವೇ ವರ್ಷ ಮೊದಲು ಊರು ಹೇಗಿತ್ತೋ ಹಾಗೆ, ಮನೆಮನೆಯನ್ನೂ ಚಿಕ್ಕದಾಗಿ ಮಾಡಿಟ್ಟಿದ್ದಾರೆ. ನಡುವೆ ಸ್ಟೀಫನ್ ಚರ್ಚಿನ ಗೋಪುರ, ಸುತ್ತ ಒತ್ತೊತ್ತಾಗಿ ಮನೆಗಳು, ಅವನ್ನೆಲ್ಲ ಬಳಸಿಕೊಂಡು ಬಾಣದ ಮೊನೆಯಂಥ ಬುರುಜುಗಳು. ಬುರುಜುಗಳಾಚೆ ಒಂದು ಮನೆಯೂ ಒಂದು ಮರೆಯೂ ಇಲ್ಲದ ಬಟ್ಟಬಯಲು. ನಾನು ಆ ಮಾದರಿಯ ಸುತ್ತ ಮೂರು ಸಲ ನಡೆದೆ. ನಮ್ಮ ಕೋಟೆ ಊರಿಗಿಂತ ಎಷ್ಟೋ ಚಿಕ್ಕದು, ಮೂಲೆಗಳ ಲೆಕ್ಕವೂ ಬೇರೆ. ಆದರೆ ಗುರುತು ಸಿಗದೇ ಹೋಗಲು ಸಾಧ್ಯವಿರಲಿಲ್ಲ. ನೆಂಟರ ಮನೆಯ ಮದುವೆಯಲ್ಲಿ ಗೊತ್ತಿಲ್ಲದ ಮಗುವೊಂದರ ಮೂಗು ನೋಡಿ, ಇದು ನಮ್ಮ ಕಡೆಯದೇ ಎನ್ನುತ್ತೇವಲ್ಲ, ಹಾಗೆ.

ನಕ್ಷತ್ರದ ಆಕಾರ ಅಂದಕ್ಕಾಗಿ ಬಂದದ್ದಲ್ಲ. ಫಿರಂಗಿ ಬಂದ ಮೇಲೆ ಎತ್ತರದ ನೇರ ಗೋಡೆಗಳು ಗುಂಡಿಗೆ ಉರುಳತೊಡಗಿದವು. ಆಗ ಯುರೋಪಿನಲ್ಲಿ ಗೋಡೆಯನ್ನು ತಗ್ಗಿಸಿದರು, ದಪ್ಪ ಮಾಡಿದರು, ಓರೆ ಮಾಡಿದರು. ನೇರ ಗೋಡೆಯ ಬುಡಕ್ಕೆ ಶತ್ರು ಬಂದು ಅಂಟಿಕೊಂಡರೆ ಮೇಲಿನವರಿಗೆ ಕಾಣುವುದಿಲ್ಲ. ಮೂಲೆಗಳು ಮುಂದಕ್ಕೆ ಚಾಚಿದ್ದರೆ ಒಂದು ಮೂಲೆಯಲ್ಲಿ ನಿಂತವರು ಪಕ್ಕದ ಮೂಲೆಯ ಬುಡ ಕಾಯಬಹುದು. ಯಾರಿಗೂ ತಮ್ಮ ಕಾಲಬುಡ ಕಾಣದು, ನೆರೆಯವರದು ಕಾಣುತ್ತದೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ವೊಬಾನ್ ಈ ವಿದ್ಯೆಯನ್ನು ತುದಿ ಮುಟ್ಟಿಸಿದ. ಅದೇ ವಿದ್ಯೆ ಟಿಪ್ಪುವಿನ ಕಾಲಕ್ಕೆ ಕಡಲು ದಾಟಿ ನಮ್ಮ ಗುಡ್ಡ ಹತ್ತಿತು.

ಅಂದು ಮಧ್ಯಾಹ್ನ ಪಟ್ಟಿ ಚೀಲದೊಳಗೇ ಉಳಿಯಿತು. ಇಲ್ಲದ ಕೋಟೆಯ ಗೋಡೆಗುಂಟ ನಡೆದೆವು. 1857ರ ಡಿಸೆಂಬರಿನಲ್ಲಿ ಚಕ್ರವರ್ತಿ ಫ್ರಾನ್ಜ್ ಜೋಸೆಫ್ ಕೋಟೆ ಕೆಡವಲು ಆಜ್ಞೆ ಮಾಡಿದ. ಗೋಡೆ, ಕಂದಕ, ಬಯಲು ಇದ್ದ ಜಾಗದಲ್ಲಿ ಹಳೆಯ ಊರನ್ನು ಬಳಸಿ ಹೋಗುವ ಐದು ಕಿಲೋಮೀಟರಿನಷ್ಟು ಉದ್ದದ ಅಗಲ ರಸ್ತೆ ಬಂತು. ಅದೇ ರಿಂಗ್ ರಸ್ತೆ, 1865ರ ಮೇ 1ರಂದು ತೆರೆದದ್ದು. ಸೈನಿಕರಿಗೆ ಗುಂಡು ಹಾರಿಸಲು ಖಾಲಿ ಬಿಟ್ಟಿದ್ದ ಬಯಲಿನಲ್ಲಿ 1869ರಲ್ಲಿ ಒಪೆರಾ ಬಂತು, 1883ರಲ್ಲಿ ಪಾರ್ಲಿಮೆಂಟ್, ಮರುವರ್ಷ ವಿಶ್ವವಿದ್ಯಾಲಯದ ಕಟ್ಟಡ. ಹಿಂದಿನ ದಿನ ಟ್ರಾಮಿನಲ್ಲಿ ಇದೇ ರಸ್ತೆ ಹಾದುಹೋಗಿದ್ದೆವು, ಆಗ ಅದು ಬರೀ ದೊಡ್ಡ ರಸ್ತೆ. ಈಗ ಪ್ರತಿ ತಿರುವಿನಲ್ಲೂ ಇಲ್ಲೊಂದು ಬುರುಜಿತ್ತು, ಇಲ್ಲೊಂದು ಬಾಗಿಲಿತ್ತು ಎಂದು ಕಾಲಿಗೇ ತಿಳಿಯುತ್ತಿತ್ತು. ಮೋಲ್ಕರ್ ಬುರುಜಿನ ತುಂಡೊಂದು ಉಳಿದಿದೆ. ರಸ್ತೆಯಿಂದ ಇಳಿಜಾರು ಹತ್ತಿ ಹೋದರೆ ಕೋಟೆಯ ಹೆಗಲ ಮೇಲೆ ಮನೆಗಳು, ಅದರಲ್ಲೊಂದು ಬೀಥೋವನ್ ಇದ್ದ ಮನೆ. ಸ್ಟೂಬೆನ್‌ಟೋರ್‌ನಲ್ಲಿ ಮೆಟ್ರೊ ನಿಲ್ದಾಣದ ಹತ್ತಿರ ಹಳೆಯ ಗೋಡೆ ನೆಲದಿಂದ ಎದ್ದು ನಿಂತಿದೆ. ಅದರ ಮೇಲೆ ಕೈಯಿಟ್ಟೆ. ಬಿಸಿಲಿಗೆ ಬೆಚ್ಚಗಿತ್ತು.

ಆ ಕೋಟೆ ತನ್ನ ಕೆಲಸ ಮಾಡಿ ತೋರಿಸಿದ್ದು 1683ರಲ್ಲಿ. ತುರ್ಕರ ವಜೀರ ಕಾರಾ ಮುಸ್ತಫಾ ಜುಲೈ 14ರಿಂದ ಸೆಪ್ಟೆಂಬರ್ 12ರವರೆಗೆ ಊರಿಗೆ ಮುತ್ತಿಗೆ ಹಾಕಿದ. ಗೋಡೆಗೆ ಫಿರಂಗಿ ಸಾಲದೆಂದು ನೆಲದಡಿ ಸುರಂಗ ತೋಡಿ, ಮದ್ದು ತುಂಬಿ, ಬುರುಜು ಹಾರಿಸಲು ನೋಡಿದರು. ಊರು ಇನ್ನೇನು ಬಿದ್ದೇ ಬಿಟ್ಟಿತು ಎನ್ನುವಾಗ ಪೋಲೆಂಡಿನ ದೊರೆ ಸೋಬಿಯೆಸ್ಕಿ ಮತ್ತವನ ಜೊತೆಯ ಸೇನೆಗಳು ಗುಡ್ಡ ಇಳಿದು ಬಂದು ಮುತ್ತಿಗೆ ಮುರಿದವು. ತುರ್ಕರು ಬಿಟ್ಟು ಹೋದ ಪಾಳೆಯದಲ್ಲಿ ಮೂಟೆಗಟ್ಟಲೆ ಕಾಫಿ ಬೀಜ ಸಿಕ್ಕಿತು, ಗೂಢಚಾರನಾಗಿ ಊರಿಗೆ ಸಹಾಯ ಮಾಡಿದ್ದ ಕೋಲ್‌ಶಿಟ್ಸ್ಕಿ ಎಂಬವನು ಅದನ್ನು ಬಹುಮಾನವಾಗಿ ಪಡೆದು ಮೊದಲ ಕಾಫಿ ಹೌಸ್ ತೆರೆದ ಎಂದು ಆ ಊರಿನವರು ಕಥೆ ಹೇಳುತ್ತಾರೆ. ಅವನ ಹೆಸರಿನ ಬೀದಿಯ ಮೂಲೆಯಲ್ಲಿ, ಕಟ್ಟಡವೊಂದರ ಮೇಲೆ, ಕಾಫಿ ಸುರಿಯುತ್ತಿರುವ ಅವನ ವಿಗ್ರಹವೂ ಇದೆ. ದಾಖಲೆ ಹೇಳುವುದು ಬೇರೆ: ಕಾಫಿ ಮಾರುವ ಮೊದಲ ಪರವಾನಗಿ ಸಿಕ್ಕಿದ್ದು 1685ರ ಜನವರಿಯಲ್ಲಿ, ಯೊಹಾನೆಸ್ ಡಿಯೊಡಾಟೊ ಎಂಬ ಅರ್ಮೇನಿಯನ್ ವ್ಯಾಪಾರಿಗೆ.

ನನಗೆ ಎರಡೂ ಬೇಕು. ನಮ್ಮಲ್ಲೂ ಹೀಗೇ ಅಲ್ಲವೇ? ಅದೇ ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ಬಚ್ಚಿಟ್ಟುಕೊಂಡು ಬಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ನಮ್ಮ ಐತಿಹ್ಯ. ಒಂದೇ ಬೀಜ, ಅರಬ್ಬರ ನಾಡಿನಿಂದ ಹೊರಟು, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದು ಕಡೆ ಫಕೀರರ ಜೊತೆ ಬಂದು ಮಣ್ಣು ಸೇರಿತು, ಇನ್ನೊಂದು ಕಡೆ ಸೈನ್ಯದ ಹಿಂದೆ ಬಂದು ಕಪ್ಪು ಸೇರಿತು. ಬೆಳಿಗ್ಗೆ ಆ ಮೇಜಿನಲ್ಲಿ ಆಕೆಯೂ ನಾನೂ ಎದುರುಬದುರು ಕೂತಾಗ ಆ ಎರಡು ದಾರಿಗಳೂ ಕೂಡಿದ್ದವು.

ಮೂರನೆಯ ದಿನ ರೈಲಿಗೆ ಮೊದಲು ಸ್ಟೀಫನ್ ಚರ್ಚಿನ ದಕ್ಷಿಣ ಗೋಪುರ ಹತ್ತಿದೆವು. 1433ರಲ್ಲಿ ಮುಗಿದ ಗೋಪುರ, ಎತ್ತರ 136 ಮೀಟರ್. ಕಾವಲು ಕೋಣೆಯವರೆಗೆ 343 ಮೆಟ್ಟಿಲು, ಒಬ್ಬರ ಹಿಂದೊಬ್ಬರು ಸುತ್ತಿ ಸುತ್ತಿ ಹತ್ತಬೇಕು. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಆ ಕೋಣೆಯಲ್ಲಿ ಕಾವಲುಗಾರರಿದ್ದು ಊರಿನಲ್ಲಿ ಎಲ್ಲಿ ಬೆಂಕಿ ಬಿದ್ದಿದೆ ಎಂದು ನೋಡುತ್ತಿದ್ದರು. ಮುತ್ತಿಗೆಯ ದಿನಗಳಲ್ಲಿ ಸೇನಾಪತಿ ಸ್ಟಾರೆಂಬರ್ಗ್ ತುರ್ಕರ ಪಾಳೆಯದ ಮೇಲೆ ಕಣ್ಣಿಟ್ಟದ್ದು ಇಲ್ಲಿಂದಲೇ. ರಾತ್ರಿ ಇದೇ ಗೋಪುರದಿಂದ ಬಾಣ ಹಾರಿಸಿ, ಬೇಗ ಬನ್ನಿ ಎಂದು ದೂರದ ಗೆಳೆಯರಿಗೆ ಬೆಳಕಿನ ಕೂಗು ಹಾಕುತ್ತಿದ್ದರಂತೆ. ತುರ್ಕರು ಬಿಟ್ಟುಹೋದ ಫಿರಂಗಿ ಕರಗಿಸಿ 1711ರಲ್ಲಿ ಪುಮ್ಮರಿನ್ ಎಂಬ ಭಾರೀ ಗಂಟೆ ಎರೆದಿದ್ದರು. 1945ರ ಬೆಂಕಿಯಲ್ಲಿ ಅದು ಬಿದ್ದು ಒಡೆಯಿತು. ಅದೇ ಲೋಹ ಬಳಸಿ ಮತ್ತೆ ಎರೆದ ಗಂಟೆ ಈಗ ಉತ್ತರ ಗೋಪುರದಲ್ಲಿದೆ.

ಆ ಕಿಟಕಿಯಲ್ಲಿ ನಿಂತು ಬಯಲು ನೋಡುವಾಗ ನನ್ನ ಮನಸ್ಸು ಮಂಜರಾಬಾದಿನ ಪಡುವಣ ಗೋಡೆಯ ಮೇಲೆ ನಿಂತಿತ್ತು. ಆಕಾಶ ತಿಳಿಯಾದ ದಿನ ಅಲ್ಲಿಂದ ಅರಬ್ಬೀ ಸಮುದ್ರ ಕಾಣುತ್ತದೆ ಎನ್ನುತ್ತಾರೆ ನಮ್ಮ ಹಿರಿಯರು. ಕೋಟೆ ಮುಗಿದ 1792 ಟಿಪ್ಪುವಿಗೆ ಸುಖದ ವರ್ಷವಲ್ಲ. ಮೂರನೇ ಮೈಸೂರು ಯುದ್ಧ ಸೋತು, ಅರ್ಧ ರಾಜ್ಯ ಬಿಟ್ಟುಕೊಟ್ಟ ವರ್ಷ. ಮಂಗಳೂರಿನ ರೇವಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ಘಾಟಿ ದಾರಿಯನ್ನಾದರೂ ಉಳಿಸಿಕೊಳ್ಳಬೇಕಿತ್ತು. ಆ ಗೋಡೆಯ ಮೇಲೆ ಮಂಜಿನಲ್ಲಿ ನಿಂತು ದಾರಿ ಕಾಯುತ್ತಿದ್ದ ಸಿಪಾಯಿಗಳ ಬಗ್ಗೆ ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಅವರು ಕಾದ ದಾರಿಯಲ್ಲೇ ಇಂದು ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳಿಂದ ಕಾಫಿ ಮೂಟೆಗಳು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತವೆ, ಅಲ್ಲಿಂದ ಇಟಲಿಗೆ, ಜರ್ಮನಿಗೆ, ಬೆಲ್ಜಿಯಂಗೆ. ರಾತ್ರಿ ನಿದ್ದೆ ಬಾರದಾಗ ಕೇಳುವ ಲಾರಿಗಳ ಸದ್ದು ಅದು.

ಜೂನಿನ ಮೊದಲ ವಾರ ಊರಿಗೆ ಬಂದೆ. ಮಳೆ ಹಿಡಿದಿತ್ತು. ಮೊದಲ ಶನಿವಾರವೇ ಗೇಟಿನಲ್ಲಿ ಕಾರು ನಿಂತಿತು. ರೈನ್‌ಕೋಟು ಹಾಕಿಕೊಂಡ ಹುಡುಗ, ಹುಡುಗಿ. ಕೋಟೆ ನೋಡೋಕೆ ಎಷ್ಟು ಹೊತ್ತು ಬೇಕು ಆಂಟಿ ಎಂದಳು ಹುಡುಗಿ.

“ಒಳಗೆ ಬನ್ನಿ, ನೆನೀಬೇಡಿ” ಎಂದು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟೆ. ಆಮೇಲೆ ಕೇಳಿದೆ: “ಯಾವೂರಾಯ್ತು?”

ಬೆಂಗಳೂರು ಎಂದ ಹುಡುಗ. ಅದು ಕೆಲಸದ ಊರು, ಹುಟ್ಟಿದ ಊರು ಯಾವುದು ಎಂದೆ. ಹುಡುಗಿ ಚಿತ್ರದುರ್ಗದವಳು. ಚಿಕ್ಕಂದಿನಲ್ಲಿ ಏಳು ಸುತ್ತಿನ ಕೋಟೆಯಲ್ಲೇ ಆಡಿ ಬೆಳೆದವಳಂತೆ. “ಹಾಗಾದ್ರೆ ನಿಂಗೆ ಕೋಟೆ ಗೊತ್ತು ಮಗಾ. ಹೋಗಿ ನೋಡು. ನಿಮ್ಮ ದುರ್ಗದ ಗೋಡೆಗೂ ನಮ್ಮ ಗೋಡೆಗೂ ಏನು ವ್ಯತ್ಯಾಸ ಅಂತ ಬಂದು ನಂಗೆ ಹೇಳು” ಎಂದೆ.

ಅರ್ಧ ಗಂಟೆಯಾಯಿತು. ಒಂದೂವರೆ ಗಂಟೆಯಾಯಿತು. ಮಳೆ ಜೋರಾಯಿತು. ಕಾರು ಅಲ್ಲೇ ನಿಂತಿತ್ತು. ಎರಡು ಗಂಟೆ ಕಳೆದ ಮೇಲೆ ಇಬ್ಬರೂ ತೊಪ್ಪೆಯಾಗಿ ಬಂದರು. ಹುಡುಗಿ ಮೆಟ್ಟಿಲ ಮೇಲೆ ನಿಂತೇ ಹೇಳಿದಳು:

“ಆಂಟಿ, ನಮ್ಮ ದುರ್ಗದಲ್ಲಿ ಬಂಡೆ ಎಲ್ಲಿ ಕರೆಯುತ್ತೋ ಗೋಡೆ ಅಲ್ಲಿಗೆ ಹೋಗುತ್ತೆ. ಇಲ್ಲಿ ಗೋಡೆ ಹೇಳಿದ ಹಾಗೆ ಗುಡ್ಡ ಕೇಳಿದೆ.”

ಮೂವತ್ತು ವರ್ಷ ಆ ಗುಡ್ಡದ ಬುಡದಲ್ಲಿ ಬಾಳಿದ ನನಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ಅವಳು ದುರ್ಗದಿಂದ ಬರಬೇಕಾಗಿತ್ತು. ಟವೆಲು ತಂದುಕೊಟ್ಟು, ಕಾಫಿಗೆ ನೀರಿಡಲು ಒಳಗೆ ಹೋದೆ.